ಎರಡನೇ ನಂಬರು

ಸೋಮವಾರ
ಅಕ್ಷರ ಕಾಗೆ ಕಾಲು. ಕಾಗುಣಿತ ತಪ್ಪಿದ್ದರೆ ಕ್ಷಮೆ ಇರಲಿ. ಓದುವವರು ಯಾರೂ ಇಲ್ಲ, ಆದರೂ.
ಕ್ಲಿನಿಕ್ಕಿನಲ್ಲಿ ಟ್ರೇನಿಂಗ್. ಟೋಕನ್ ಕೊಡುವುದು, ಫೈಲ್ ತೆಗೆಯುವುದು ಬಂತು. ಇವತ್ತಿನಿಂದ ಬಾಕಿ ವಸೂಲಿ. ಮ್ಯಾನೇಜರ್ ಮೇಡಂ ಪಕ್ಕದಲ್ಲೇ ಕೂತರು.
"ಯಾವುದರ ಬಾಕಿ ಅಂತ ಬಿಡಿಸಿ ಹೇಳು. ಆಗ ನೆನಪಿಲ್ಲ ಅನ್ನೋಕಾಗಲ್ಲ. ಫೋನ್ ಎತ್ತದಿದ್ರೆ ಫೈಲಲ್ಲಿ ಬರೆಸಿರೋ ಎರಡನೇ ನಂಬರಿಗೆ ಮಾಡು."
ಮೊದಲ ಫೋನಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.
"ಏನಮ್ಮ, ಫೋನಿಗೆ ಗುಟ್ಟು ಹೇಳ್ತಿದ್ದೀಯಾ? ಗಟ್ಟಿಯಾಗಿ ಮಾತಾಡು."

ಮಂಗಳವಾರ
ಗಟ್ಟಿಯಾಗಿ ಮಾತಾಡಿದೆ. ಬೇಕರಿ ಕೆಲಸದ ಅಕ್ಕನ ಫೋನ್ ಸ್ವಿಚ್ಡ್ ಆಫ್. ಎರಡನೇ ನಂಬರಿಗೆ ಮಾಡಿದೆ. ಗಂಡಸಿನ ದನಿ. ಅಣ್ಣನೋ ಗಂಡನೋ ಅಂದುಕೊಂಡೆ... ಕೇಳಲಿಲ್ಲ. ಟಿಬಿ ಪರೀಕ್ಷೆಯ ಬಾಕಿ ಎಂದು ಒಂದೇ ಉಸಿರಿಗೆ ಒಪ್ಪಿಸಿದೆ.
ಆ ಕಡೆಯಿಂದ — "ಟಿಬಿನಾ? ಅವಳು ನನ್ನ ಬೇಕರಿಲಿ ಬನ್ ಮಾರೋದು." ಫೋನ್ ಇಟ್ಟರು.
ಮೇಡಂ ಬೆನ್ನು ತಟ್ಟಿದರು. "ಈಗ ದಾರಿಗೆ ಬಂದೆ."

ಗುರುವಾರ
ನಿನ್ನೆ ಬರೆಯಲು ಕೈ ಏಳಲಿಲ್ಲ. ಅಕ್ಕ ಬಂದಿದ್ದರು. ದುಡ್ಡು ಮೇಜಿನ ಮೇಲಿಟ್ಟರು.
"ತಗೋ. ಕೆಲಸಕ್ಕೆ ಬರಬೇಡ ಅಂದ್ರು. ಟಿಬಿ ಇಲ್ಲ, ಹಿಟ್ಟಿನ ಧೂಳಿಗೆ ಕೆಮ್ಮು ಅಂತ ಡಾಕ್ಟರೇ ಹೇಳಿದ್ರಲ್ಲ ತಂಗಿ. ಅದನ್ಯಾಕೆ ಹೇಳಲಿಲ್ಲ?"
ನನಗೆ ಗೊತ್ತಿದ್ದದ್ದು ಬಾಕಿ ಮಾತ್ರ.
ಮೇಡಂ ಒಳಗೆ ಕರೆದರು. "ಡಾಕ್ಟರ ಹತ್ರ ಬಾಯಿ ಬಿಟ್ಟೀಯ, ಜೋಕೆ. ಅವಳ ಕೆಲಸದ ಜೊತೆ ನಿಂದೂ ಹೋಗುತ್ತೆ."
ಗಟ್ಟಿಯಾಗಿ ಮಾತಾಡು ಎಂದವರೂ ಇವರೇ.

ಶುಕ್ರವಾರ, ಸಂಜೆ
ಡಾಕ್ಟರ ಬಾಗಿಲು ತಟ್ಟಿದೆ. ಎಲ್ಲ ಹೇಳಿದೆ. ಅವರು ಅಕ್ಕನನ್ನು ಕರೆಸಿ, ಒಪ್ಪಿಗೆ ಕೇಳಿ, ಅಲ್ಲೇ ಬೇಕರಿ ಮಾಲೀಕರಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಕೇಳಿಸಿತು.
"ನೀವು ಹೇಳಿದ್ರೆ ನಾನು ನಂಬ್ತೀನಿ ಸಾರ್. ಗಿರಾಕಿಗಳು ನಂಬಬೇಕಲ್ಲ? ಬೀದಿಗೆಲ್ಲ ಗೊತ್ತಾಗಿದೆ. ನಾಳೆ ಒಂದಿನ ಕೌಂಟರಲ್ಲಿ ನಿಲ್ಲಲಿ. ಅವಳ ಕೈಯಿಂದ ಯಾರೂ ತಗೊಳ್ಳದಿದ್ರೆ ನನ್ನ ದೂರಬೇಡಿ."
ಮೇಡಂ ನನ್ನ ಮುಖ ನೋಡುತ್ತಿಲ್ಲ. ಸೋಮವಾರ ನನಗೆ ಕೆಲಸ ಇದೆಯೋ ಇಲ್ಲವೋ.

ಶನಿವಾರ
ಬೆಳಿಗ್ಗೆ ಬೇಕರಿ ತೆರೆಯುವ ಹೊತ್ತಿಗೇ ಹೋದೆ. ಕೌಂಟರಿನ ಒಂದು ತುದಿಯಲ್ಲಿ ಮಾಲೀಕರು, ಇನ್ನೊಂದು ತುದಿಯಲ್ಲಿ ಅಕ್ಕ. ಜನವೆಲ್ಲ ಮಾಲೀಕರ ಮುಂದೆ. ಅಕ್ಕನ ಮುಂದೆ ಬನ್ನಿನ ಟ್ರೇ ಹಾಗೇ ತುಂಬಿತ್ತು.
"ಒಂದು ಬನ್ ಕೊಡಿ ಅಕ್ಕ." ಫೋನಿನಲ್ಲಿ ಹೇಳಿದಷ್ಟೇ ಗಟ್ಟಿಯಾಗಿ ಹೇಳಿದೆ. ಎಲ್ಲರೂ ತಿರುಗಿದರು. ಅಕ್ಕ ನನ್ನನ್ನೇ ನೋಡಿದರು. ಕೊಟ್ಟರು.
ಅಲ್ಲೇ ನಿಂತು ತಿಂದೆ. ಕೊನೆಯ ತುಣುಕು ಇಳಿಯುವಾಗ ಆ ಸಾಲಿನಿಂದ ಒಬ್ಬರು ಅಜ್ಜಿ ಚೀಲ ಹಿಡಿದುಕೊಂಡು ಈ ಕಡೆ ಬಂದು ಅಕ್ಕನ ಮುಂದೆ ನಿಂತರು.