ಕುತ್ತಿಗೆ ಮುಟ್ಟಬೇಡ ಅಂದೆ

ನನ್ನ ಕೆನ್ನೆಗೆ ಮೊದಲ ಏಟು ಕೊಟ್ಟ ಉಸ್ತಾದರಿಗೆ,

ಆ ಏಟು ನೆನಪಿದೆಯಾ? ಭದ್ರಾವತಿ ಹಳೇನಗರದ ನಿಮ್ಮ ಗರಡಿಗೆ ನಾನು ಕುಸ್ತಿ ಕಲಿಯಲು ಸೇರಿದ ವಾರ. ಈ ಪಟ್ಟು ಎಡಗೈಯಲ್ಲೇ ಯಾಕೆ ಹಾಕಬೇಕು ಅಂತ ಕೇಳಿದ್ದಕ್ಕೆ ಕಿವಿ ಗುಂಯ್ ಅನ್ನುವ ಹಾಗೆ ಬಾರಿಸಿದಿರಿ. "ಅಖಾಡಕ್ಕೆ ಇಳಿದ ಮೇಲೆ ತಲೆ ನಂದು, ಮೈ ಮಾತ್ರ ನಿಂದು ಕಣೋ." ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಮೊದಲೇ ಮಾತು ಕಮ್ಮಿ. ಆಮೇಲೆ ಏನನ್ನೂ ಕೇಳಲಿಲ್ಲ.

ನನ್ನ ಭುಜ ತಪ್ಪಿದ ದಿನ ಕಂಕುಳಿಗೆ ಕಾಲು ಕೊಟ್ಟು ಕೈ ಜಗ್ಗಿದಿರಿ. ನಾನು ಅರಚಿದ್ದು ಹೊಳೆಯಾಚೆಗೂ ಕೇಳಿರಬೇಕು. ಲೊಟಕ್ ಅಂತ ಕೂತಿತು. ಸಂಜೆ ನೀವೇ ಎಣ್ಣೆ ತಿಕ್ಕಿ ಬಾದಾಮಿ ಹಾಲು ಕುಡಿಸಿದಿರಿ. ನಿಮ್ಮ ಕೈ ಮೇಲಿದ್ದ ನಂಬಿಕೆ ನನಗೆ ದೇವರ ಮೇಲೂ ಇರಲಿಲ್ಲ. ಉಳುಕು, ಕೀಲು, ಕುತ್ತಿಗೆ, ಯಾವುದಾದರೂ ನಿಮ್ಮದು ಒಂದೇ ಮದ್ದು, ಜಗ್ಗುವುದು. ನೀವು ತೀರಿಹೋದ ಮೇಲೆ ಆ ಕೆಲಸ ನಿಮ್ಮ ಹಿರಿಯ ಶಿಷ್ಯ ಬಸಣ್ಣನ ಪಾಲಿಗೆ ಬಂತು.

ಮೊನ್ನೆ ಭಾನುವಾರ ತಾಲೀಮಿನಲ್ಲಿ ಬಸಣ್ಣ, ಆಟೋ ಓಡಿಸುವ ನಮ್ಮ ಮಂಜನನ್ನು ಎತ್ತಿ ಒಗೆದ. ಮಂಜ ತಲೆಕೆಳಗಾಗಿ ಬಿದ್ದ. ಮೂಗಲ್ಲಿ ರಕ್ತ, ಬಾಯಲ್ಲಿ ಮಣ್ಣು. ಬಸಣ್ಣನ ಮುಖ ಬಿಳಚಿಕೊಂಡಿತು. "ಕಾಲು ಹಿಡ್ಕೊಳ್ರೋ, ಕುತ್ತಿಗೆ ಕೂರಿಸ್ತೀನಿ."

"ನಂಗೆ ನೋವೇ ಇಲ್ಲ ಮಾರಾಯ," ಅಂದ ಮಂಜ. "ನನ್ನ ಕಾಲು ಎಲ್ಲಿ?"

ನನ್ನ ಭುಜ ತಪ್ಪಿದಾಗ ಬೆರಳ ತುದಿವರೆಗೂ ಬೆಂಕಿ ಹತ್ತಿತ್ತು, ಉಸ್ತಾದರೇ. ಇವನಿಗೆ ಉರಿಯೂ ಇಲ್ಲ, ಕಾಲೂ ಇಲ್ಲ. ಬೇರೆ ಏಟಿಗೆ ಅದೇ ಮದ್ದು ಹೇಗೆ? ತಲೆಗೆ ಬಂದದ್ದು ಇಷ್ಟೇ.

"ಕುತ್ತಿಗೆ ಮುಟ್ಟಬೇಡ ಬಸಣ್ಣ."

"ಓಹೋ, ಮೂಗನಿಗೂ ಮಾತು ಬಂತಾ? ಉಸ್ತಾದ್ ಎಷ್ಟು ಜನಕ್ಕೆ ಕೂರಿಸಿಲ್ಲ!"

"ಯಾರಿಗೆ ಕೂರಿಸಿದ್ರೂ ಬೇಡ."

ಬಸಣ್ಣ ಮಂಜನ ತಲೆ ಹಿಡಿಯಲು ಬಗ್ಗಿದ. ಪಕ್ಕೆಗೆ ಒದ್ದೆ. ಎದ್ದು ಬಂದು ಬಾಯಿಗೆ ಗುದ್ದಿದ, ನನ್ನ ಮುಂದಿನ ಹಲ್ಲು ಹೋಯಿತು. ತಿರುಗಿ ಮತ್ತೆ ಮಂಜನ ತಲೆಗೆ ಕೈ ಹಾಕಿದ. ಹಿಂದಿನಿಂದ ಅವನ ಕತ್ತು ತೋಳಲ್ಲಿ ಅಮುಕಿದೆ. ಅವನು ತೋಳು ಕಚ್ಚಿ ಮಾಂಸ ಕಿತ್ತ. ಬಿಡಲಿಲ್ಲ. "ಗುರುದ್ರೋಹಿ" ಅಂತ ಗೊರಗುಟ್ಟುತ್ತಲೇ ಅವನ ಕಣ್ಣು ಮೇಲಾದವು. ಸತ್ತರೆ ಸಾಯಲಿ ಅಂತ ಒಂದು ಗಳಿಗೆ ನನಗೆ... ಅಷ್ಟರಲ್ಲಿ ಉಳಿದವರು ಬಾಗಿಲಿನ ಹಲಗೆ ಕಿತ್ತು, ಮಂಜನನ್ನು ಅಲುಗಿಸದೆ ಅದರ ಮೇಲೆ ಸರಿಸಿ, ಗೂಡ್ಸ್ ಟೆಂಪೋದಲ್ಲಿ ಶಿವಮೊಗ್ಗಕ್ಕೆ ಹೊರಟರು. ಆಗ ಕೈ ಸಡಿಲಿಸಿದೆ; ಬಸಣ್ಣ ಕೆಮ್ಮಿ ಉಸಿರೆಳೆದ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಡಾಕ್ಟರು, "ಕುತ್ತಿಗೆ ಮೂಳೆ ಮುರಿದಿದೆ, ಆಪರೇಷನ್ ಆಗಬೇಕು, ಸೈನ್ ಹಾಕಿ" ಅಂದರು. ಮಂಜನ ಹೆಂಡತಿ ಪೆನ್ನು ಹಿಡಿದಳು. "ಯಾಕೆ ಅಂತ ಹೇಳಿ ಸಾರ್" ಅಂದೆ, ಊದಿದ ಬಾಯಲ್ಲೇ. ಅವರು ಸಿಡುಕಿದರು. ನಾನು ಅಲ್ಲೇ ನಿಂತೆ. ಕೊನೆಗೆ ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಮುರಿದ ಮೂಳೆ ಬೆನ್ನುಹುರಿಯನ್ನು ಒತ್ತುತ್ತಿತ್ತು, ಜಗ್ಗಿದ್ದರೆ ಹುರಿಯೇ ಹರಿಯುತ್ತಿತ್ತು. ಅರ್ಥವಾಯಿತು. ಆಮೇಲೆ ಅವಳು ಸೈನ್ ಹಾಕಿದಳು.

ನೀವಿದ್ದಿದ್ದರೆ ನೀವೇ ಜಗ್ಗುತ್ತಿದ್ದಿರಿ ಅಲ್ಲವಾ? ಆಗ ನಿಮ್ಮ ಕತ್ತನ್ನೂ ನಾನು... ಹಿಡಿಯುತ್ತಿದ್ದೆ. ಇನ್ನು ಮುಂದೆ ಯಾರದಾದರೂ ಹಿಡಿಯುತ್ತೇನೆ.

ಆಪರೇಷನ್ ಮುಗಿದು, ಇವತ್ತು ಬೆಳಿಗ್ಗೆ ಮಂಜನ ಬಲಗಾಲ ಹೆಬ್ಬೆರಳು ಅಲುಗಿತು. ಮೊದಲು ಕಂಡದ್ದು ಬಸಣ್ಣನಿಗೆ. ಅವತ್ತು ನನ್ನ ಹಿಂದೆಯೇ ಆಸ್ಪತ್ರೆಗೆ ಬಂದವನು ಆ ಮಂಚದ ಬುಡ ಬಿಟ್ಟಿಲ್ಲ, ನನ್ನ ಜೊತೆ ಮಾತೂ ಆಡಿಲ್ಲ. ಹೊರಗೆ ವರಾಂಡಕ್ಕೆ ಬಂದು, ನನ್ನ ಮುಖ ನೋಡದೆ, ಬಾ ಅಂತ ಕೈ ಬೀಸಿದ.