ಎಣ್ಣೆಯ ಬಣ್ಣ ನೋಡಿದವರು ಹಳ್ಳದ ಬಣ್ಣವನ್ನೂ ನೋಡಲಿ

ಎಣ್ಣೆ ತಪಾಸಣೆಯ ಅಧಿಕಾರಿಗಳಿಗೆ,
ಹುಬ್ಬಳ್ಳಿ

ಮಾನ್ಯರೇ,

ನಾನು ದೂರು ಕೊಟ್ಟದ್ದು ನೀರಿನ ಬಗ್ಗೆ; ನೀವು ಶಿಕ್ಷೆ ಕೊಟ್ಟದ್ದು ಎಣ್ಣೆಗೆ. ನಾನು ಬೆರಳು ತೋರಿಸಿದ್ದು ಗಿರಣಿಯ ಕಡೆಗೆ; ನೀವು ಬೀಗ ಜಡಿದದ್ದು ಗಾಣಕ್ಕೆ. ಬೈರಿದೇವರಕೊಪ್ಪದ ಗೌರಕ್ಕನವರ ಎತ್ತಿನ ಗಾಣ ನಿಂತು ಇವತ್ತಿಗೆ ಇಪ್ಪತ್ತನಾಲ್ಕು ದಿನ. ಅದು ನಿಲ್ಲಲು ನಿಮ್ಮ ಮೊಹರು ಎಷ್ಟು ಕಾರಣವೋ ನನ್ನ ಲೇಖನಿಯೂ ಅಷ್ಟೇ ಕಾರಣ. ನನ್ನ ಪಾಲಿನ ತಪ್ಪನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಬೇಕೆಂದೇ ಈ ಪತ್ರವನ್ನು ಅಂಚೆಪೆಟ್ಟಿಗೆಗೆ ಹಾಕದೆ ಪತ್ರಿಕೆಗೆ ಕೊಟ್ಟಿದ್ದೇನೆ. ನಿಮ್ಮ ಪಾಲಿನದನ್ನು ನೀವು ಎಲ್ಲಿ ಬೇಕಾದರೂ ಒಪ್ಪಿಕೊಳ್ಳಬಹುದು. ಕಚೇರಿಯ ಒಳಕೋಣೆಯಾದರೂ ನಡೆದೀತು.

ನಮ್ಮ ಹಳ್ಳದ ಮೇಲ್ದಂಡೆಯಲ್ಲಿ ಒಂದು ಎಣ್ಣೆ ಗಿರಣಿ ಇದೆಯೆಂಬುದು ತಮಗೆ ಗೊತ್ತು. ಅಲ್ಲಿ ಕುಸುಬಿ ಎಣ್ಣೆಗೆ ಕ್ಷಾರದ ನೀರು ಕುಡಿಸುತ್ತಾರೆ, ಸೋಡಾ ಹಾಕಿ ತಿಕ್ಕುತ್ತಾರೆ, ಆಮೇಲೆ ಮುಲ್ತಾನಿ ಮಣ್ಣು ಹಚ್ಚಿ ಬೆಳ್ಳಗೆ ಮಾಡುತ್ತಾರೆ. ಮದುವೆಗೆ ಮುಂಚೆ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚಿಕೊಳ್ಳುವ ಮಣ್ಣೇ ಅದು. ಎಣ್ಣೆಯೂ ಪಾಪ, ಮಾರುಕಟ್ಟೆಗೆ ಮದುವಣಗಿತ್ತಿಯಂತೆಯೇ ಹೋಗಬೇಕಲ್ಲ! ಅದು ಮುಖ ತೊಳೆದುಕೊಂಡರೆ ನನ್ನ ತಕರಾರೇನೂ ಇಲ್ಲ. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು. ಉತ್ತರ ಹುಡುಕಲು ಸಂಶೋಧನೆ ಬೇಕಿಲ್ಲ, ಮೂಗಿದ್ದರೆ ಸಾಕು. ಸೋಡಾ, ಮಣ್ಣು, ಎಣ್ಣೆಯ ಜಿಡ್ಡು ಎಲ್ಲ ಸೇರಿ ಕಪ್ಪು ನೊರೆಯಾಗಿ ಹಳ್ಳಕ್ಕೆ ಬೀಳುತ್ತದೆ. ಹಳ್ಳದಲ್ಲಿ ಒಗೆದ ಧೋತರ ಒಗೆಯುವ ಮುಂಚೆಯೇ ಸ್ವಚ್ಛವಿತ್ತು ಎಂಬ ಅನುಭವ ನನಗೆ ವಾರಕ್ಕೆರಡು ಬಾರಿ ಆಗುತ್ತಿದೆ. ದನಗಳು ನೀರಿಗೆ ಮೂತಿ ಇಟ್ಟು, ಯೋಚನೆ ಮಾಡಿ, ಹಿಂದೆ ಸರಿಯುತ್ತವೆ. ಬೇರೆ ನೀರಿಲ್ಲವೆಂದು ಗೊತ್ತಾದಾಗ ಮತ್ತೆ ಬಂದು ಕುಡಿಯುತ್ತವೆ.

ಇದನ್ನು ಯಾರಿಗೆ ಹೇಳಬೇಕೆಂದು ಕೇಳಿಕೊಂಡು ನಾನು ಮೂರು ಕಚೇರಿ ತಿರುಗಿದೆ. ಒಂದರಲ್ಲಿ ಹಳ್ಳ ತಮ್ಮ ಗಡಿಯಾಚೆ ಇದೆ ಎಂದರು, ಇನ್ನೊಂದರಲ್ಲಿ ಗಿರಣಿ ತಮ್ಮ ಗಡಿಯಾಚೆ ಇದೆ ಎಂದರು, ಮೂರನೆಯದರಲ್ಲಿ ಹೇಳಬೇಕಾದವರೇ ಊರಾಚೆ ಇದ್ದರು. ಕೊನೆಗೆ, ಹೊಲಸು ಎಣ್ಣೆಯದಾದ್ದರಿಂದ ಎಣ್ಣೆಯ ಸಾಹೇಬರಿಗೇ ಬರೆಯೋಣವೆಂದು ಜನವರಿಯಲ್ಲಿ ತಮಗೆ ಅರ್ಜಿ ಹಾಕಿದೆ. ಅಲ್ಲಿಯವರೆಗೂ ನಾನು ಜಾಣನೇ. ಆದರೆ ನನಗೆ ಪ್ರಾಸದ ಚಟವಿದೆ. ಪ್ರಾಸ ಹಿಡಿದವನಿಗೆ ಒಂದು ಸಾಲು ಬರೆದರೆ ಜೋಡಿ ಸಾಲು ಬೇಕು, ಕೆಟ್ಟದ್ದನ್ನು ಬರೆದರೆ ಪಕ್ಕದಲ್ಲಿ ಒಳ್ಳೆಯದನ್ನೂ ಬರೆಯಬೇಕು. ಹಾಗಾಗಿ ಅರ್ಜಿಯ ಕೊನೆಗೆ ಹೀಗೆ ಸೇರಿಸಿದೆ: “ಅಲ್ಲಿಂದ ಒಂದೇ ಫರ್ಲಾಂಗು ದೂರದಲ್ಲಿ ಗೌರಕ್ಕನವರ ಗಾಣವಿದೆ. ಹಿಂಡಿ ದನಕ್ಕೆ, ಗಸಿ ಗಾಡಿಯ ಅಚ್ಚಿಗೆ, ತೊಳೆದ ನೀರು ತಿಪ್ಪೆಗೆ. ಒಂದು ಹನಿಯೂ ಹೋಗದು ಹಳ್ಳದ ತೆಕ್ಕೆಗೆ. ಸಾಹೇಬರು ದಯಮಾಡಿ ಒಮ್ಮೆ ನೋಡಬೇಕು.”

ಸಾಹೇಬರು ದಯಮಾಡಿದರು. ನೋಡಿದರು. ಬೀಗ ಹಾಕಿದರು.

ಫೆಬ್ರುವರಿ ಹದಿನೇಳು, ಸೋಮವಾರ. ತಾವು ಜೀಪಿನಲ್ಲಿ ಮೊದಲು ಗಿರಣಿಗೆ ಹೋದಿರಿ. ತಮ್ಮ ಜವಾನ ಕಮರುದ್ದೀನ ಹಳದಿ, ಕೆಂಪು ಗಾಜಿನ ತುಣುಕುಗಳಿದ್ದ ಪೆಟ್ಟಿಗೆ ಇಳಿಸಿದ. ಗಿರಣಿಯ ಎಣ್ಣೆಯ ಬಣ್ಣವನ್ನು ಆ ಗಾಜುಗಳ ಜೊತೆ ಹೋಲಿಸಿ ನೋಡಿದಿರಿ, ಉತ್ತಮವೆಂದು ಬರೆದುಕೊಂಡಿರಿ. ಅದು ಉತ್ತಮವಾಗಿಯೇ ಇತ್ತು. ನಮ್ಮೂರಿನ ಹಳ್ಳದ ಖರ್ಚಿನಲ್ಲಿ ಯಾವ ಎಣ್ಣೆಯಾದರೂ ಉತ್ತಮವಾದೀತು. ಅಲ್ಲಿಂದ ಗಾಣಕ್ಕೆ ಬರುವಾಗ ಹಳ್ಳ ದಾಟಿಯೇ ಬಂದಿರಿ. ಕರವಸ್ತ್ರ ಮೂಗಿಗೆ ಹೋದದ್ದನ್ನು ಊರೆಲ್ಲ ನೋಡಿದೆ. ಪಂಚನಾಮೆಗೆ ಸಾಕ್ಷಿ ಬೇಕೆಂದು ಕಮರುದ್ದೀನ ನನ್ನನ್ನು ಶಾಲೆಯಿಂದ ಕರೆತಂದ. ನಾನು ಅಂಗಿಯ ಗುಂಡಿ ಹಾಕಿಕೊಂಡು, ನನ್ನ ಅರ್ಜಿಗೆ ಇಷ್ಟು ಬೇಗ ಮರ್ಯಾದೆ ಸಿಕ್ಕಿತಲ್ಲಾ ಎಂದು ಬೀಗುತ್ತ ಬಂದೆ.

ಗೌರಕ್ಕ ತಮ್ಮನ್ನು ಕಟ್ಟೆಯ ಮೇಲೆ ಕೂಡಿಸಿದರು. ಗಂಡ ತೀರಿಹೋದ ಮೇಲೆ ಹನ್ನೊಂದು ವರ್ಷದಿಂದ ಒಬ್ಬರೇ ಗಾಣ ನಡೆಸುತ್ತಿರುವ ಹೆಂಗಸು. ಬಂದವರ ಹುದ್ದೆ ಕೇಳುವ ಮೊದಲು ಹಸಿವೆ ಕೇಳುತ್ತಾರೆ.

“ಬಿಸಲಾಗ ಬಂದೀರಿ ಸಾಹೇಬ್ರ. ಅವಲಕ್ಕಿ ಹಚ್ಚತೇನಿ, ಒಂದೀಟ ತಿನ್ರಿ.”

“ಬ್ಯಾಡವ್ವಾ. ಇವತ್ತ ಸ್ವಾಮಾರ, ನಂದು ಒಪ್ಪತ್ತು ಐತಿ,” ಎಂದಿರಿ. ಹಣೆಯ ಮೇಲೆ ವಿಭೂತಿಯೂ ಇತ್ತು. ಗಾಣದ ಕಡೆ ತಿರುಗಿ ಕೇಳಿದಿರಿ: “ಅದ್ಯಾಕ ಗಾಣಾ ಸುಮ್ನ ನಿಂತೈತಿ?”

“ಇವತ್ತ ಸ್ವಾಮಾರ ಅಲ್ಲೇನ್ರಿ? ಬಸವಣ್ಣನ ಹೆಗಲಿಗೆ ನೊಗಾ ಇಡೂದಿಲ್ರಿ.”

“ಅವಂದೂ ಒಪ್ಪತ್ತೇನು?”

“ಒಪ್ಪತ್ತಲ್ರೀ, ರಜಾ. ಒಪ್ಪತ್ತ ಮಾಡಾಕ ಅವಗೇನ್ ಪಾಪ ಐತ್ರಿ?”

ಕಮರುದ್ದೀನ ನಕ್ಕ. ತಾವು ನಗಲಿಲ್ಲ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತು ಹೂಡುವುದಿಲ್ಲವೆಂಬುದು ತೊಟ್ಟಿಲ ಕೂಸಿಗೂ ಗೊತ್ತು. ತಮಗೂ ಗೊತ್ತು, ಅದೇ ಶಿವನ ಹೆಸರಿನಲ್ಲಿ ತಾವು ಅವಲಕ್ಕಿ ಬಿಟ್ಟವರು. ಆದರೂ ಮಾದರಿ ಬೇಕೇ ಬೇಕೆಂದಿರಿ. ಶನಿವಾರ ತಿಳಿಯಾದ ಎಣ್ಣೆಯನ್ನೆಲ್ಲ ಮದುವೆ ಮನೆಯವರು ಒಯ್ದಿದ್ದರು. ಉಳಿದದ್ದು ಭಾನುವಾರ ಸಂಜೆ ಹಿಂಡಿದ ಒಂದು ಕೊಡ.

“ಇದು ನಿನ್ನಿ ಸಂಜಿಕಿಂದ್ರೀ. ಇನ್ನಾ ಗಸಿ ಕುಂತಿಲ್ಲ. ನಾಕ ದಿನಾ ಬಿಟ್ಟ ಬರ್ರಿ, ಮಾರಿ ನೋಡ್ಕೊಳ್ಳೂವಂಗ ಆಗಿರತೈತಿ,” ಎಂದರು ಗೌರಕ್ಕ.

“ಸರಕಾರಿ ಕೆಲಸ ನಿಮ್ಮ ಗಸಿ ಕುಂದ್ರೂತನಕಾ ನಿಂದ್ರೂದಿಲ್ಲವ್ವಾ,” ಎಂದಿರಿ.

ಮಾನ್ಯರೇ, ಸರಕಾರಿ ಕೆಲಸ ನಿಲ್ಲುವುದಿಲ್ಲವೆಂಬ ಸುದ್ದಿ ನನಗೆ ಹೊಸದು. ಮೂರು ಕಚೇರಿಯಲ್ಲಿ ಅದು ನಿಂತದ್ದನ್ನು ನಾನು ನಿಂತು ನೋಡಿದ್ದೇನೆ. ಇರಲಿ. ಆ ಕಲಕು ಎಣ್ಣೆಯನ್ನು ಮೂರು ಬಾಟಲಿಗೆ ತುಂಬಿಸಿ, ಅರಗು ಕಾಸಿ ಮೊಹರು ಒತ್ತಿದಿರಿ: ಒಂದು ತಮ್ಮ ಕಚೇರಿಗೆ, ಒಂದು ಪ್ರಯೋಗಶಾಲೆಗೆ, ಒಂದು ಗೌರಕ್ಕನಿಗೆ. “ಎಣ್ಣೆ ಕಂದು ಬಣ್ಣದ್ದು, ಕದಡಿದ್ದು” ಎಂಬ ಪಂಚನಾಮೆಗೆ ನಾನೇ ಸಹಿ ಮಾಡಿದೆ. ಕಂಡದ್ದನ್ನು ಕಂಡ ಹಾಗೆ ಬರೆದರೆ ಸತ್ಯವಾಗುತ್ತದೆಂದು ನಂಬಿದ್ದ ಕಾಲ ಅದು. ಒಂಬತ್ತು ದಿನಕ್ಕೆ ಇಂಗ್ಲಿಷಿನಲ್ಲಿ ನೋಟೀಸು ಬಂತು. ಓದಿ ಹೇಳುವ ಕೆಲಸವೂ ನನ್ನದೇ. ಎಣ್ಣೆಯ ಬಣ್ಣ ನಿಯಮ ಮೀರಿದೆ, ತಿನ್ನಲು ಯೋಗ್ಯವಲ್ಲ, ಅಂದೇ ಹಾಕಿದ ಬೀಗ ಮುಂದಿನ ಆದೇಶದವರೆಗೂ ಹಾಗೇ ಇರತಕ್ಕದ್ದು. ಗಿರಣಿಗೆ ಬೆಣ್ಣೆ, ಗಾಣಕ್ಕೆ ಸುಣ್ಣ!

ಬಣ್ಣವೇ ಗುಣವೆಂದು ತಮಗೆ ಕಲಿಸಿದವರು ಯಾರು? ನನ್ನ ಹೆಂಡತಿ ಈರವ್ವ ಎಣ್ಣೆಯನ್ನು ಅಂಗೈಗೆ ಒಂದು ಹನಿ ಹಾಕಿ, ತಿಕ್ಕಿ, ಮೂಸಿ, ಸಾಸಿವೆ ಸಿಡಿಸಿ ನೋಡಿ ತೀರ್ಪು ಕೊಡುತ್ತಾಳೆ. ಅವಳ ತೀರ್ಪಿನ ಮೇಲೆ ಅಪೀಲಿಲ್ಲ. ಗಿರಣಿಯ ಎಣ್ಣೆ ಒಮ್ಮೆ ತಂದಾಗ ಅವಳೆಂದದ್ದು: “ಇದಕ್ಕ ವಾಸನಿನೂ ಇಲ್ಲ, ರುಚಿನೂ ಇಲ್ಲ. ನೀವು ಬರಿಯೂ ಅರ್ಜಿ ಇದ್ದಂಗೈತಿ.” ಬಣ್ಣ ತೆಗೆದರೆ ಎಣ್ಣೆಗೆ ಬೆಲೆ, ಆ ಬಣ್ಣ ಬಿದ್ದ ಹಳ್ಳಕ್ಕೆ ಯಾವ ನೆಲೆ?

ಈ ಕಡೆಯ ಪ್ರಶ್ನೆಗೂ ತಾವು ಉತ್ತರ ಕೊಟ್ಟಿದ್ದೀರಿ. ನನ್ನ ಅರ್ಜಿಗೆ ಬಂದ ಜವಾಬಿನಲ್ಲಿ, “ಹಳ್ಳದ ನೀರು ಖಾದ್ಯ ತೈಲವಲ್ಲವಾದ್ದರಿಂದ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ” ಎಂದಿದೆ. ಖಾದ್ಯವಲ್ಲವೆಂಬುದನ್ನು ಒಪ್ಪುತ್ತೇನೆ. ತೈಲವಲ್ಲವೆಂಬುದನ್ನು ಒಪ್ಪಬೇಕಾದರೆ ತಾವು ಒಮ್ಮೆ ದಂಡೆಗೆ ಬಂದು ಒಂದು ಬತ್ತಿ ಅದ್ದಿ ನೋಡಬೇಕು. ಅದೇ ಜವಾಬಿನ ಕೊನೆಯ ಸಾಲು ಇನ್ನೂ ಸೊಗಸಾಗಿದೆ: “ಅರ್ಜಿದಾರರು ತಮ್ಮ ಅರ್ಜಿಯನ್ನು ಹಿಂತೆಗೆದುಕೊಂಡಲ್ಲಿ, ಅದರಿಂದ ಹುಟ್ಟಿದ ಎಲ್ಲ ಕ್ರಮಗಳನ್ನೂ ಮುಕ್ತಾಯಗೊಳಿಸಲು ಪರಿಶೀಲಿಸಲಾಗುವುದು.” ಅಂದರೆ ನಾನು ಹಳ್ಳವನ್ನು ಬಿಟ್ಟರೆ ತಾವು ಗಾಣವನ್ನು ಬಿಡುತ್ತೀರಿ.

ಸುಳ್ಳೇಕೆ, ನಾನು ಬಿಡಲು ತಯಾರಾದೆ. ಗಾಣ ನಿಂತರೆ ಗೌರಕ್ಕನಿಗೆ ಎತ್ತು ಸಾಕುವುದು ಆಗದು. ಬರುವ ಭಾನುವಾರ ಶಿರಗುಪ್ಪಿಯಿಂದ ಅವರ ತಮ್ಮ ನೀಲಕಂಠಪ್ಪ ಬಂದು ಎತ್ತನ್ನು ಒಯ್ಯುವುದೆಂದು ಮಾತಾಗಿದೆ. ಎತ್ತು ಹೋದರೆ ಗಾಣ ಮತ್ತೆ ತಿರುಗುವುದಿಲ್ಲ. ಹೊಸ ಎತ್ತನ್ನು ಕೊಂಡು, ಪಳಗಿಸಿ ಹೂಡುವ ವಯಸ್ಸೂ ಅವರದಲ್ಲ, ಶಕ್ತಿಯೂ ಇಲ್ಲ. ಎತ್ತಿನ ಗತಿಯೂ ಅಷ್ಟೇ. ಹುಟ್ಟಾ ಸುತ್ತು ತಿರುಗಿದ ಪ್ರಾಣಿ. ಶಿರಗುಪ್ಪಿಯ ಹೊಲದಲ್ಲಿ ನೇರ ಸಾಲು ಹೊಡೆಯುವ ಬದಲು ಚಕ್ಕುಲಿ ಹಾಕೀತು. ಆದ್ದರಿಂದ ಅರ್ಜಿ ಹಿಂತೆಗೆದುಕೊಳ್ಳುವ ಕಾಗದ ಬರೆದು, ಈ ಸಲ ಪ್ರಾಸವಿಲ್ಲದೆ ಬರೆದು, ಗೌರಕ್ಕನಿಗೆ ಓದಿ ತೋರಿಸಲು ಹೋದೆ.

“ಅರ್ಜಿ ಹಿಂದಕ್ಕ ತಗೊಂಡ್ರ ಹಳ್ಳದ ನೀರ ತಿಳಿ ಆಕ್ಕೈತೇನ್ರಿ ಮಾಸ್ತರ್ರ?” ಎಂದರು.

“ಇಲ್ಲ ಗೌರಕ್ಕ. ಗಾಣಾ ಚಾಲೂ ಆಕ್ಕೈತಿ.”

“ಗಾಣಾ ಚಾಲೂ ಆದಮ್ಯಾಲ ಎತ್ತಿಗೆ ಏನ್ ಕುಡಸ್ಲಿ? ನಿಮ್ಮ ಕಾಗದಾ ತೊಳದ ನೀರೇನು?”

ನಾನು ಕಾಗದವನ್ನು ಮಡಿಸತೊಡಗಿದೆ.

“ಹರದ ಒಲಿಗೆ ಹಾಕ್ರಿ ಅದನ್ನ. ಮತ್ತ ಇನ್ನಮ್ಯಾಲೆ ಯಾರನ್ನರ ಹೊಗಳೂದಿದ್ರ ನನ್ನ ಒಂದ್ ಮಾತ ಕೇಳಿ ಹೊಗಳ್ರಿ.”

ಹೀಗೆಂದು ಒಳಗೆ ಹೋದವರು ಗೋಡೆಯ ಮಾಡದಲ್ಲಿಟ್ಟಿದ್ದ ಬಾಟಲಿ ತಂದು ನನ್ನ ಮುಂದಿಟ್ಟರು. ತಾವು ಕೊಟ್ಟುಹೋದ ಮೂರನೆಯ ಬಾಟಲಿ. ಅರಗು ಹಾಗೇ ಇದೆ, ತಮ್ಮ ಮೊಹರು ಹಾಗೇ ಇದೆ, ನನ್ನ ಸಹಿಯ ಚೀಟಿ ಹಾಗೇ ಇದೆ. ತಳದಲ್ಲಿ ಬೆರಳು ದಪ್ಪ ಗಸಿ ಕುಳಿತಿದೆ. ಮೇಲೆ, ಕುಸುಬಿ ಹೂವಿನ ಎಸಳನ್ನೇ ಕರಗಿಸಿಟ್ಟ ಹಾಗೆ ತಿಳಿಯಾದ ಹಳದಿ ಎಣ್ಣೆ. ಕಿಟಕಿಗೆ ಹಿಡಿದರೆ ಆಚೆಯ ಬೇವಿನ ಮರ ಎಲೆ ಎಲೆಯಾಗಿ ಕಾಣುತ್ತದೆ. ಯಾರೂ ಸೋಡಾ ಹಾಕಲಿಲ್ಲ, ಯಾರೂ ಮಣ್ಣು ಹಚ್ಚಲಿಲ್ಲ. ನಾಲ್ಕು ದಿನ ಬಿಡಿ ಎಂದು ಗೌರಕ್ಕ ಕೇಳಿದ್ದರು. ತಾವು ಇಪ್ಪತ್ತನಾಲ್ಕು ದಿನ ಬಿಟ್ಟಿದ್ದೀರಿ. ಅದು ಸುಮ್ಮನೆ ಕುಳಿತು ತಾನೇ ತಿಳಿಯಾಗಿದೆ.

ಇದರ ಒಡಹುಟ್ಟಿದ ಬಾಟಲಿ ತಮ್ಮ ಕಪಾಟಿನಲ್ಲಿದೆ. ನನ್ನ ಬೇಡಿಕೆ ಇಷ್ಟೇ: ಅದನ್ನು ಅಲುಗಾಡಿಸದೆ ತೆಗೆಯಿರಿ, ಬೆಳಕಿಗೆ ಹಿಡಿಯಿರಿ, ತಮ್ಮದೇ ಗಾಜಿನ ತುಣುಕುಗಳ ಪಕ್ಕದಲ್ಲಿಟ್ಟು ನೋಡಿ, ಕಂಡದ್ದನ್ನು ಬರೆಯಿರಿ, ಶನಿವಾರ ಸಂಜೆಯೊಳಗೆ ಬಂದು ಗಾಣದ ಬೀಗ ತೆಗೆಯಿರಿ. ಬರುವಾಗ ಒಂದು ಖಾಲಿ ಬಾಟಲಿ ತನ್ನಿ. ಗಿರಣಿಯ ಕೆಳಗೆ ಹಳ್ಳದ ನೀರು ತುಂಬಿಸಿ, ಅದಕ್ಕೂ ಅರಗು ಕಾಸಿ ಮೊಹರು ಒತ್ತಿ; ಅದು ಎಷ್ಟು ದಿನಕ್ಕೆ ತಿಳಿಯಾಗುತ್ತದೆ ಎಂಬುದನ್ನು ಯಾವ ಕಚೇರಿಗೆ ತೋರಿಸಬೇಕೋ ಅದಕ್ಕೆ ತಾವೇ ತೋರಿಸಿ. ಪಂಚನಾಮೆಗೆ ಸಹಿ ಮಾಡಲು ನಾನು ತಯಾರಿದ್ದೇನೆ. ಅರ್ಜಿಯಂತೂ ಹಿಂದಕ್ಕೆ ಬರುವುದಿಲ್ಲ; ತಾವು ಮುಂದಕ್ಕೆ ಬನ್ನಿ.

ಇಂತಿ,
ಒಳ್ಳೆಯವರ ಹೆಸರನ್ನು ಅರ್ಜಿಯಲ್ಲಿ ಬರೆದು ಕೆಟ್ಟ,
ಮಡಿವಾಳಪ್ಪ, ಬಿ.ಎ.
ಕನ್ನಡ ಮಾಸ್ತರ, ಬೈರಿದೇವರಕೊಪ್ಪ
೧೨-೩-೧೯೬೪, ಗುರುವಾರ