ಗೇಟಿನ ಹೊರಗೆ ಗ್ರೇವಿ

ರಾಕ್‌ಹ್ಯಾಂಪ್ಟನ್
18 ನವೆಂಬರ್ 2024, ಸೋಮವಾರ

ಮರ್ವ್‌ಗೆ,

ನಿನ್ನ ಕ್ಷೇಮ ಕೇಳಲು ಬರೆಯುತ್ತಿಲ್ಲ. ನಮ್ಮ ಬೆಕ್ಕು ಗ್ರೇವಿ ನಿನ್ನೆ ತೀರಿಕೊಂಡಿತು. ಪ್ರತಿ ಕ್ರಿಸ್‌ಮಸ್ ಕಾರ್ಡಿನಲ್ಲೂ ನನ್ನನ್ನು ಬಿಟ್ಟು ಅದನ್ನೊಂದೇ ವಿಚಾರಿಸುತ್ತಿದ್ದೆಯಲ್ಲ, ಅದಕ್ಕೆ ತಿಳಿಸುತ್ತಿದ್ದೇನೆ.

ಹದಿನಾಲ್ಕು ವರ್ಷ ಬದುಕಿತು. ಕಸಾಯಿಖಾನೆಯ ಮುಷ್ಕರದಲ್ಲಿ ನಾನು ಗೇಟಿನ ಮುಂದೆ ಕೂತಿದ್ದೆ. ನೀನು ಕಂಪನಿ ಬಸ್ಸಿನಲ್ಲಿ ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಒಳಗೆ ಹೋದೆ. ಅದೇ ಸಂಜೆ ಮನೆಗೆ ಬಂದು ಕೋಟಿನೊಳಗಿಂದ ಒಂದು ಬೆಕ್ಕಿನ ಮರಿ ತೆಗೆದೆ. ಕಸಾಯಿಖಾನೆಯ ಅಂಗಳದಲ್ಲಿ ಬೆಕ್ಕುಗಳಿಗೆ ವಿಷ ಇಟ್ಟಿದ್ದಾರೆ, ಬಿಟ್ಟು ಬರಲಾಗಲಿಲ್ಲ ಅಂದೆ. ನೀನು ಯಾಕೆ ಒಳಗೆ ಹೋದೆ ಎಂದು ಕೇಳಿದರೆ, "ಹೆದರಿಕೆ ಆಯ್ತು ಕಣೇ" ಅಂದೆ. ಅಷ್ಟೇ. ನಿನ್ನನ್ನು ಹೊರಗೆ ಹಾಕಿದೆ, ಮರಿಯನ್ನು ಒಳಗಿಟ್ಟುಕೊಂಡೆ.

ಈಚೆಗೆ ಅದರ ಕಿಡ್ನಿ ಕೆಟ್ಟಿತ್ತು. ನಿನ್ನೆ ಬೆಳಿಗ್ಗೆ ತಲೆ ಎತ್ತಲಿಲ್ಲ. ಉಸಿರು ಗರಗಸ ಎಳೆದ ಹಾಗೆ. ಭಾನುವಾರ ತೆರೆದಿರುವುದು ಒಂದೇ ಪ್ರಾಣಿ ಆಸ್ಪತ್ರೆ. ಬುಟ್ಟಿಯಲ್ಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ಹೋದೆ. ಇಳಿದು ನೋಡಿದರೆ ಬಾವುಟಗಳು! ದಾದಿಯರೂ ಡಾಕ್ಟರುಗಳೂ ಡೇರೆ ಹಾಕಿಕೊಂಡು ರಸ್ತೆಯಲ್ಲಿ ಕೂತಿದ್ದಾರೆ. ಇಬ್ಬರ ಕೆಲಸ ಒಬ್ಬಳ ತಲೆಗೆ ಕಟ್ಟಿದ್ದಾನೆ ಹೊಸ ಮಾಲೀಕ. ಒಳಗೆ ಬ್ರಿಸ್ಬೇನಿನಿಂದ ಕರೆಸಿದ ಬಾಡಿಗೆ ಡಾಕ್ಟರು ಎ.ಸಿ.ಯಲ್ಲಿ ಕೂತಿದ್ದಾನೆ. ಗೇಟಿಗೆ ಅಡ್ಡ ಮುಷ್ಕರದವರು ಎಳೆದ ಹಳದಿ ಗೆರೆ; ದಾಟಿದರೆ ಮುಷ್ಕರ ಮುರಿದ ಹಾಗೆ.

ಟೆಗನ್ ಎಂಬ ದಾದಿ ಬುಟ್ಟಿಯೊಳಗೆ ಇಣುಕಿ, ಅರ್ಜೆಂಟ್ ಕೇಸಿಗೆಲ್ಲ ಬಿಡುತ್ತೇವೆ, ಒಳಗೆ ಹೋಗಿ ಅಂದಳು. ನಾನು ಬಂಡೆಯ ಹಾಗೆ ನಿಂತೆ. ಮುಷ್ಕರ ಮುರಿಯಲು ಬಂದವನ ಕೈಯಲ್ಲಿ ನನ್ನ ಬೆಕ್ಕು ಸಾಯುವುದಿಲ್ಲ. ನೋವಿಲ್ಲದೆ ಕಣ್ಮುಚ್ಚಿಸುವ ಇಂಜೆಕ್ಷನ್ನನ್ನು ನಿಮ್ಮಲ್ಲೇ ಒಬ್ಬ ಡಾಕ್ಟರು ಇಲ್ಲೇ ಕೊಡಲಿ ಅಂದೆ.

"ಔಷಧಿ ಒಳಗೆ ಬೀರುವಿನಲ್ಲಿದೆ ಅಮ್ಮಾ. ನಾವೂ ಗೆರೆ ದಾಟೋ ಹಾಗಿಲ್ಲ."

"ಯಾರು ಹೇಳಿದ್ದು?"

"ನಾವೇ."

"ಹಾಗಾದ್ರೆ ನೀವೇ ಬದಲಾಯಿಸಿ. ಮೀಟಿಂಗ್ ಕರೀರಿ, ಕೈ ಎತ್ತಿ."

"ನಮ್ಮ ಮಾಲೀಕನಿಗಿಂತ ನೀವೇ ಕಷ್ಟ ಕಣಮ್ಮ," ಎಂದಳು. ಆದರೂ ಎಲ್ಲರನ್ನೂ ಕೂಗಿ ಕರೆದಳು.

ಪಾಪ, ಯಾರಿಗೂ ಇದು ಗೊತ್ತಿರಲಿಲ್ಲ. ಮೊದಲ ಸಲ ಬೀದಿಗೆ ಬಂದ ಮಕ್ಕಳು. ಒಬ್ಬಳು ಮತ ಹಾಕುವ ಮೊದಲೇ ಅತ್ತಳು. ಇವತ್ತು ಒಬ್ಬರು ಹೋದರೆ ನಾಳೆ ಎಲ್ಲರೂ ಹೋಗುತ್ತಾರೆ ಎಂದು ಒಬ್ಬ ತಕರಾರು ತೆಗೆದ. ಸರಿಯಾದ ಮಾತೇ. ಕೊನೆಗೆ ಅವನೂ ಕೈ ಎತ್ತಿದ. ಎಲ್ಲರೂ ಎತ್ತಿದ ಮೇಲೆ ಡಾಕ್ಟರ್ ಫ್ರೇಸರ್ ಎಂಬ ಹುಡುಗಿ ಬಾವುಟವನ್ನು ಹೆಗಲ ಮೇಲೆ ಹಾಕಿಕೊಂಡೇ ಒಳಗೆ ಹೋಗಿ ಔಷಧಿ ತಂದಳು. ಅದು ದಾಟಿದ್ದಲ್ಲ, ಮರ್ವ್. ಎಲ್ಲರೂ ಸೇರಿ ಕಳಿಸಿದ್ದು. ಆ ವ್ಯತ್ಯಾಸಕ್ಕಾಗಿಯೇ ನಾನು ಇಷ್ಟು ವರ್ಷ ಬಡಿದಾಡಿದ್ದು.

ಡೇರೆಯ ನೆರಳಲ್ಲಿ, ನನ್ನ ತೊಡೆಯ ಮೇಲೆಯೇ ಅದಕ್ಕೆ ಇಂಜೆಕ್ಷನ್ ಕೊಟ್ಟರು. ಘೋಷಣೆ ನಿಲ್ಲಿಸಿದರು. ಗ್ರೇವಿ ನನ್ನ ಹೆಬ್ಬೆರಳು ನೆಕ್ಕಿತು, ಆಮೇಲೆ ನೆಕ್ಕಲಿಲ್ಲ. ನೋವಾಗಲಿಲ್ಲ ಎಂದಳು ಡಾಕ್ಟರು. ನಂಬಿದೆ.

ಸಂಜೆ ಟೆಗನ್ ಇನ್ನಿಬ್ಬರ ಜೊತೆ ಗುದ್ದಲಿ ಹಿಡಿದು ಮನೆಗೆ ಬಂದಳು. ಹಿತ್ತಲ ಮಾವಿನ ಮರದ ಬುಡದಲ್ಲಿ ಹೂಳಿದೆವು. ನಾಳೆಯಿಂದ ಅವರ ಡೇರೆಗೆ ನಾನೂ ಹೋಗುತ್ತೇನೆ. ಮಂಡಿ ನೋವಿದ್ದರೂ ಗಂಟಲು ಚೆನ್ನಾಗಿಯೇ ಇದೆ. ಆ ಮಕ್ಕಳು ಗೆಲ್ಲುತ್ತಾರೆ, ನೋಡುತ್ತಿರು.

ಇಂತಿ,
ಇನ್ನೂ ನಿನ್ನ ಮನೆತನದ ಹೆಸರನ್ನೇ ಇಟ್ಟುಕೊಂಡಿರುವ,
ನೊಲೀನ್

ತಾ.ಕ.: ಬಂಡೆಯ ಹಾಗೆ ನಿಂತೆ ಎಂದು ಬರೆದದ್ದು ಸುಳ್ಳು. ಬುಟ್ಟಿಯೊಳಗಿಂದ ಅದು ಒಂದು ಸಲ ನರಳಿತು. ನೋಡುತ್ತೇನೆ, ನನ್ನ ಬಲಗಾಲು ಗೆರೆಯ ಆಚೆ ಇತ್ತು. ಹೆದರಿಕೆಯಾಗಿತ್ತು, ಮರ್ವ್. ಟೆಗನ್ ನೋಡಿದಳು. ಬೈಯಲಿಲ್ಲ. ಒಂದು ಕುರ್ಚಿ ತಂದು ಹಾಕಿ, "ಕೂತ್ಕೊಳ್ಳಿ ಅಮ್ಮಾ, ಏನಾದ್ರೂ ಮಾಡೋಣ" ಅಂದಳು. ಅಂದು ನಿನಗೆ ನಮ್ಮಲ್ಲಿ ಯಾರೂ ಕುರ್ಚಿ ಹಾಕಲಿಲ್ಲ. ನಾನೂ ಹಾಕಲಿಲ್ಲ. ನೀನು ಮಾಡಿದ್ದು ತಪ್ಪೇ, ಅದರಲ್ಲಿ ಚೌಕಾಸಿ ಇಲ್ಲ. ಬರುವ ಭಾನುವಾರ ಊಟಕ್ಕೆ ಬಾ.